ವಾಲಿದ ಮುದ್ರೆ

ಚಾಪೆಯ ಹುಲ್ಲಿನ ಎಳೆಯೊಂದು ಬಿಟ್ಟುಕೊಂಡು ಮೇಲೆದ್ದಿದೆ, ಮೂಗಿಗೆ ತಾಗುವಷ್ಟು ಹತ್ತಿರ, ಉಸಿರು ಬಿಟ್ಟರೆ ಅಲುಗುತ್ತದೆ, ಹಿಡಿದರೆ ನಿಲ್ಲುತ್ತದೆ, ಹಣೆ ನೆಲಕ್ಕಿಟ್ಟು ಎಷ್ಟು ಹೊತ್ತಾಯಿತೋ, ಎಣಿಸಬಾರದು, ಎಣಿಸಿದರೆ ಅದು ಕ್ಷಮೆ ಕೇಳುವುದಲ್ಲ, ಕಸರತ್ತು ಎಂದು ಎವಾಂಡ್ರೊಗೆ ಹೇಳಿಕೊಟ್ಟವನೇ ನಾನು, ಬ್ರೆಜಿಲಿನಿಂದ ಬಂದು ನಮ್ಮ ಕಾರ್ಖಾನೆ ಸೇರಿ ಎಂಟು ತಿಂಗಳಾದ ಎಂಜಿನಿಯರು, ಪಕ್ಕದಲ್ಲಿ ನನಗಿಂತ ತಗ್ಗಾಗಿ ಬಾಗಿದ್ದಾನೆ, ಅಷ್ಟುದ್ದದ ಮೈಯನ್ನು ಹೇಗೆ ಮಡಚಿಕೊಂಡನೋ, ಮಂಡಿ ಲಟಕ್ಕೆಂದದ್ದು ಕೇಳಿಸಿತು — ಎದುರು ತೊಗಾಶಿ ಮುದುಕರು ಕೂತಿದ್ದಾರೆ, ಅವರ ಹೆಂಡತಿ ಕಿಯೊ ತಂದಿಟ್ಟ ಚಹಾ ಆರುತ್ತಿದೆ, ಅಂಗಳದಿಂದ ಬೆಂದ ಭತ್ತದ ವಾಸನೆ, ಗದ್ದೆಮನೆಯಲ್ಲಿ ಹುಟ್ಟಿದವನಿಗೆ ಅದೇನೆಂದು ಯಾರೂ ಹೇಳಬೇಕಿಲ್ಲ, ನಾವು ಮಾರಿದ, ಭತ್ತ ಬೆಚ್ಚಗಿಟ್ಟು ಮೊಳೆಸುವ ಪೆಟ್ಟಿಗೆಯಲ್ಲಿ ಶಾಖ ನಿಲ್ಲದೆ ಏರಿ ಇವರ ಮುನ್ನೂರು ತಟ್ಟೆ ಮೊಳಕೆ ಬೆಂದುಹೋಯಿತು, ಅಮ್ಮ ಬೀಜ ನೆನೆಹಾಕುವ ನೀರಿಗೆ ಮೊಣಕೈ ಅದ್ದಿ ನೋಡುತ್ತಿದ್ದಳು, ಕೂಸಿಗೆ ಎರೆಯೋ ನೀರಿನ ಹಾಗಿರಬೇಕು ಕಣೋ, ಮೊಣಕೈಗೆ ಸುಳ್ಳು ಹೇಳೋಕೆ ಬರಲ್ಲ — ಎವಾಂಡ್ರೊ ಫೆಬ್ರವರಿಯಲ್ಲೇ ಬರೆದಿದ್ದ, ಶಾಖ ಏರಿದರೆ ತಾನೇ ಆರಬೇಕಾದ ಸ್ವಿಚ್ಚು ಕಚ್ಚಿಕೊಳ್ಳುತ್ತಿದೆ, ಮಾರಾಟ ನಿಲ್ಲಿಸಿ ಎಂದು, ಒಂದೇ ಹಾಳೆ, ಅದರ ತಲೆಯ ಮೇಲೆ ಆರು ಚೌಕ, ಆರು ಜನರ ಮುದ್ರೆ ಬೀಳಬೇಕು, ಅವನ ಪಕ್ಕದ ಚೌಕ ನನ್ನದು, ನಾನು ಒತ್ತದೆ ಮುಂದೆ ಹೋಗುವಂತಿಲ್ಲ, ಹನ್ನೊಂದು ದಿನ ನನ್ನ ಮೇಜಿನ ಮೇಲೇ ಇತ್ತು, ಬಿತ್ತನೆ ಕಾಲದ ಸರಕು ಹೊರಡುವಾಗ ಇಂಥ ಹಾಳೆ ಹಿಡಿದು ಮುಖ್ಯಸ್ಥರ ಮುಂದೆ ನಿಲ್ಲಲು ಒಳ್ಳೆಯ ದಿನ ಕಾಯುತ್ತಿದ್ದೆ, ಅವರ ಮುಖ ತಿಳಿಯಾದ ದಿನ ಒತ್ತಿದೆ, ಕೆಂಪು ದುಂಡು ಮುದ್ರೆ, ಎಡಕ್ಕೆ ವಾಲಿಸಿ, ಮೇಲಿನವರ ಚೌಕಕ್ಕೆ ತಲೆಬಾಗಿದ ಹಾಗೆ, ಅಷ್ಟರಲ್ಲಿ ತೊಗಾಶಿಯವರ ಪೆಟ್ಟಿಗೆ ಲಾರಿ ಹತ್ತಿತ್ತು — ಇದ್ಯಾಕೆ ಸೊಟ್ಟಗಿದೆ ಶಿಬಾಸಾಕಿ ಸಾನ್, ಕೈ ನಡುಗ್ತಾ, ಎಂದು ಎವಾಂಡ್ರೊ ನಕ್ಕಿದ್ದ, ಸೊಟ್ಟ ಅಲ್ಲಯ್ಯಾ, ಮರ್ಯಾದೆ ಅದು, ಕಲಿತುಕೋ ಅಂದಿದ್ದೆ, ಕಲಿತ, ಹೇಳಿಕೊಟ್ಟದ್ದನ್ನೆಲ್ಲ ಕಲಿತ, ಮೊನ್ನೆ ಮಗಳನ್ನು ಇಲ್ಲಿಯ ಶಾಲೆಗೆ ಸೇರಿಸಿ ಫೋಟೋ ತೋರಿಸಿದ, ಬೆನ್ನಿಗಿಂತ ದೊಡ್ಡ ಚೀಲ, ಅದೇ ಸಂಜೆ ಮುಖ್ಯಸ್ಥರು ಟೈ ಸಡಿಲಿಸುತ್ತ, ಅವನ ಕರಾರು ಈ ತಿಂಗಳೇ ಮುಗಿಯುತ್ತಲ್ಲ ಶಿಬಾಸಾಕಿ, ಮುದುಕ ಯಾರ ತಪ್ಪು ಅಂತ ಹಟ ಹಿಡಿದ್ರೆ ಹೊರಗಿನವನನ್ನ ಕಳಿಸೋದು ಎಲ್ಲರಿಗೂ ಸಲೀಸು, ನಾನು ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ, ತಲೆ ವಾಲಿಸಿದೆ — ಅಯ್ಯೋ, ಕಾಗದದ ಸರಬರ, ಕ್ಷಮೆ ಕೇಳಲು ತಂದ ಸಿಹಿಯ ಪೆಟ್ಟಿಗೆಯನ್ನು ಎವಾಂಡ್ರೊ ಮುಂದಕ್ಕೆ ಸರಿಸುತ್ತಿದ್ದಾನೆ, ಈಗಲ್ಲ ಮಾರಾಯ, ಅವರು ಕ್ಷಮಿಸಿದ ಮೇಲೆ ಎಂದು ಕಾರಿನಲ್ಲಿ ಹೇಳಿರಲಿಲ್ಲವೇ, ಕೆಂಪುಕಾಳಿನ ಗಟ್ಟಿ ಹಲ್ವ, ಇಟ್ಟಿಗೆಯಷ್ಟು ಭಾರ, ತಪ್ಪು ಎಷ್ಟು ಭಾರವೋ ಸಿಹಿಯೂ ಅಷ್ಟು ಭಾರವಿರಬೇಕು, ಆದರೆ ಮೊದಲೇ ಕೊಟ್ಟರೆ — ಓಹೋ, ಬಾಯಿಗೆ ಬೀಗ ತಂದಿದೀರಾ, ಮುದುಕರ ದನಿ ಬಂತು, ನೋಡೇ ಕಿಯೊ, ಹಲ್ಲಿಲ್ಲದ ಬಾಯಿಗೂ ಸಿಹಿ ಬೀಗ ಬೇಕಂತೆ, ಸಾಕು ಸುಮ್ನಿರಿ, ಎಂದರು ಕಿಯೊ, ಪಾಪ ಅವನ ಕಾಲು ಜೋಮು ಹಿಡಿದಿದೆ ಅನ್ಸುತ್ತೆ, ಹಿಡೀಲಿ ಬಿಡು, ನನ್ನ ಸಸಿಗೆ ಹಿಡಿದದ್ದು ಜೋಮಲ್ಲ, ಕೇಳ್ರಪ್ಪಾ, ಸಿಹಿ ವಾಪಸ್ ಒಯ್ಯಿರಿ, ಮತ್ತೆ ಬಿತ್ತೋಕೆ ಇನ್ನೂ ಹತ್ತು ದಿನ ಇದೆ, ಬಿತ್ಕೋತೀನಿ, ಒಂದೇ ಒಂದು ಹೇಳಿ, ಇದು ಹೀಗಾಗುತ್ತೆ ಅಂತ ಗೊತ್ತಿದ್ದೂ ಸುಮ್ನಿದ್ದೋರು ಯಾರು — ಹುಲ್ಲೆಳೆ ನಿಂತಿದೆ, ಉಸಿರು ಹಿಡಿದಿದ್ದೇನೆ, ಈಗ ಹೇಳಬೇಕು, ಎರಡೇ ಮಾತು, ನಾನು ಶಿಬಾಸಾಕಿ, ಸುಮ್ಮನಿದ್ದವನು ನಾನು, ಅಮ್ಮನ ಮೊಣಕೈ, ಮುನ್ನೂರು ತಟ್ಟೆ, ಬೆನ್ನಿಗಿಂತ ದೊಡ್ಡ ಚೀಲ — ನಾನು, ಎಂದ ಎವಾಂಡ್ರೊ, ನನ್ನ ತಪ್ಪು, ದಯವಿಟ್ಟು ಕ್ಷಮಿಸಿ, ಒಂದಕ್ಷರ ತಪ್ಪಲಿಲ್ಲ, ಯಾರ ತಪ್ಪು ಅಂತ ಕೇಳಿದ್ರೆ ನನ್ನದು ಅನ್ನು, ಬೇರೆಯವರ ಕಡೆ ನೋಡ್ಲೂಬೇಡ ಎಂದು ದಾರಿಯುದ್ದಕ್ಕೂ ನಾಲ್ಕು ಸಲ ನಾನೇ ಹೇಳಿಸಿದ ಮಾತು, ನೀನಾ, ಎಂದರು ಮುದುಕರು, ಕಾಯುತ್ತಿದ್ದಾರೆ, ಯಾರಿಗೆ ಕಾಯುತ್ತಿದ್ದಾರೆ, ಬಾಯಿ ತೆರೆಯುತ್ತೇನೆ, ಗಾಳಿ ಮಾತ್ರ ಬರುತ್ತದೆ, ಹುಲ್ಲೆಳೆ ಅಲುಗುತ್ತದೆ, ಹಣೆ ಎತ್ತದೆ ಓರೆಗಣ್ಣು ಹೊರಳಿಸುತ್ತೇನೆ, ಅವನ ಕತ್ತು, ನೆತ್ತರೇರಿ ಕೆಂಪಗೆ, ನನ್ನ ಕಡೆಗೆ ವಾಲಿದೆ, ಚೆನ್ನಾಗಿ ವಾಲಿದೆ, ಕೆಂಪಗೆ, ದುಂಡಗೆ, ಎಡಕ್ಕೆ