ನಾಲ್ಕು ಬೆರಳು ಎತ್ತರ

ಜೀಪಿನ ಅಡಿಯಲ್ಲಿ ಅಂಗಾತ ಮಲಗಿದ್ದ ಸಾಲ್ವದೊರನ ತೋರುಬೆರಳು ಮರದ ತುಂಡಿಗೂ ಅದರ ಮೇಲಿನ ಬಾಡಿಗೂ ನಡುವೆ ಸಲೀಸಾಗಿ ಹೊಕ್ಕಿತು. ಮಳೆಗಾಲದಲ್ಲಿ ಅವನೇ ಅದನ್ನು ಕೂರಿಸಿದಾಗ ಅಲ್ಲಿ ಕಾಗದ ತೂರಿಸುವಷ್ಟೂ ಎಡೆ ಇರಲಿಲ್ಲ. ಎರಡೂ ಅಂಗೈ ಕೊಟ್ಟು ಬಾಡಿಯನ್ನು ದೂಡಿ ನೋಡಿದ. ಅದು ಕಿರ್ರೆಂದು ಪಕ್ಕಕ್ಕೆ ಸರಿಯಿತು. ಬ್ರೇಕಿನ ಪೆಡಲು ಮೇಲೆ ಬರುವ ತೂತಿನ ಅಂಚಿನಲ್ಲಿ ಹಸಿರು ಬಣ್ಣ ಉಜ್ಜಿಹೋಗಿ ತಗಡು ಹೊಳೆಯುತ್ತಿತ್ತು. ಪೆಡಲು ಅಲ್ಲಿ ಸಿಕ್ಕಿಬಿದ್ದಿದೆ. ಅಪಘಾತದ ಹೊತ್ತಿಗೆ ಡ್ರೈವರ್ ಬಟ್ಯ ಎಷ್ಟು ಒದ್ದರೂ ಕೆಳಗಿಳಿದಿರಲಾರದು.

"ಎಂತ ಪೊರ್ಬುಗಳೇ, ಎಂತಾದರೂ ಮುರಿದದ್ದುಂಟಾ?" ಜೀಪಿನ ಧಣಿ ಹೊನ್ನಯ್ಯ ಹೊರಗಿನಿಂದ ಕೇಳಿದ. ಸಾಲ್ವದೊರನಂಥ ಕ್ರಿಸ್ತರನ್ನು ಊರವರು ಕರೆಯುವುದೇ ಪೊರ್ಬುಗಳೆಂದು. ಬಂದ್ಯೋಡಿನ ಸಾಲ್ವದೊರನ ಶೆಡ್ಡಿಗೆ ಎತ್ತುಗಳಿಂದ ಜೀಪನ್ನು ಎಳೆಸಿಕೊಂಡು ಬಂದು ಅವನಿಗೂ ಸುಸ್ತಾಗಿತ್ತು.

"ಮುರಿದದ್ದು ಎಂತ ಇಲ್ಲ," ಎಂದ ಸಾಲ್ವದೊರ್.

ಅದು ಸುಳ್ಳಲ್ಲ. ಏನೂ ಮುರಿದಿರಲಿಲ್ಲ. ಸುಳ್ಳು ಹೇಳುವುದಕ್ಕಿಂತ ಸುಳ್ಳಲ್ಲದ್ದನ್ನು ಹೇಳಿ ಸುಮ್ಮನಾಗುವುದು ಎಷ್ಟು ಸುಲಭ ಎಂದು ಅವನಿಗೆ ಆಗಲೇ ಗೊತ್ತಾದದ್ದು.

"ನಾನು ಹೇಳಿದ್ದಲ್ಲವಾ? ಬೆಳಿಗ್ಗೆ ಬೆಳಿಗ್ಗೆ ಆ ಬಟ್ಯ ಒಂದು ಚಿಪ್ಪು ಕಳ್ಳು ಏರಿಸಿದ್ದಾನೆ. ಅವನೇ ಒಪ್ಪಿದ್ದಾನೆ ಮಾರಾಯ್ರೆ. ಇನ್ನು ನನ್ನ ಗಾಡಿ ಮುಟ್ಟಬೇಡ ಅಂತ ಕಳಿಸಿದೆ."

ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಹರಾಜು ಹಾಕಿದ ಜೀಪು ಅದು. ನಾಲ್ಕೂ ಚಕ್ರ ಎಳೆಯುತ್ತದೆ ಎಂಬ ಹೆಮ್ಮೆ ಹೊನ್ನಯ್ಯನಿಗೆ. ಆದರೆ ಪೆರ್ಮುದೆಯಿಂದ ಒಳಗೆ ಹೋಗುವ ದಾರಿಯಲ್ಲಿ ಹೊಳೆ ದಾಟುವಾಗ ನೀರು ಒಳನುಗ್ಗಿ ಜನರ ಅಕ್ಕಿ ಮೂಟೆ ತೋಯುತ್ತಿತ್ತು. ಮಳೆಗಾಲದ ಆಟಿ ತಿಂಗಳಲ್ಲಿ ಅವನು ಇದೇ ಶೆಡ್ಡಿನಲ್ಲಿ ನಿಂತು, ಜೀಪನ್ನು ಎತ್ತರ ಮಾಡಬೇಕು, ಹೇಗೆ ಎಂದು ಕೇಳಿದ್ದ.

ದಾರಿ ಎರಡಿತ್ತು. ಮಂಗಳೂರಿನಿಂದ ದಪ್ಪದ ಕಮಾನು ಪಟ್ಟಿ ತರಿಸಿ ಸ್ಪ್ರಿಂಗಿಗೆ ಸೇರಿಸಿದರೆ ಕೆಳಗಿನ ಕಬ್ಬಿಣದ ಚೌಕಟ್ಟು, ಅಂದರೆ ಚಾಸಿಯೇ ಮೇಲೇಳುತ್ತದೆ. ಜೀಪಿನ ಹೊಟ್ಟೆ ಕಲ್ಲಿಗೆ ತಾಗುವುದಿಲ್ಲ, ಆದರೆ ಕೂತವರ ಸೊಂಟ ಮುರಿಯುತ್ತದೆ. ಇಲ್ಲವೇ ಚಾಸಿಯನ್ನು ಇದ್ದಲ್ಲೇ ಬಿಟ್ಟು, ಅದರ ಮೇಲೆ ಮರದ ತುಂಡುಗಳನ್ನಿಟ್ಟು ಬಾಡಿಯನ್ನಷ್ಟೇ ನಾಲ್ಕು ಬೆರಳು ಎತ್ತಬಹುದು. ಸಾಲ್ವದೊರ್ ಎರಡನ್ನೂ ತೂಗಿ ಹೇಳಿದವನಂತೆ ಹೇಳಿದ್ದ. ಹೇಳುವಾಗಲೇ ಅವನ ಮನಸ್ಸು ಮರದ ಕಡೆಗಿತ್ತು. ಅವನು ಅಪ್ಪನ ಜೊತೆ ಎತ್ತಿನ ಗಾಡಿ ಮಾಡಿ ಬೆಳೆದವನು. ಮೋಟಾರಿನ ಕೆಲಸ ಆಮೇಲೆ ಕಲಿತದ್ದು. ಕಬ್ಬಿಣ ಕೈಗೆ ಬಂದಿತ್ತು, ಆದರೆ ಮರದ ಹಾಗೆ ಮನಸ್ಸಿಗೆ ಬಂದಿರಲಿಲ್ಲ. "ಪಟ್ಟಿ ಎಂತಕ್ಕೆ? ಮರವೇ ಚೆಂದ," ಎಂದುಬಿಟ್ಟ.

ಹಲಸಿನ ಮರ ಕೊಯ್ದು, ಗಾಡಿಗೆ ಕೂರಿಸುವ ಹಾಗೆಯೇ ಬೆಣೆ ಬಡಿದು ಬಿಗಿ ಮಾಡಿದ್ದ. ಉದ್ದದ ಬೋಲ್ಟು ಸಿಗದಲ್ಲಿ ಬೆಣೆಯೇ ಸಾಕೆಂದುಕೊಂಡ. ಮಳೆಗೆ ಮರ ಉಬ್ಬಿ ಕಚ್ಚಿಕೊಂಡಿತು. ಹೊನ್ನಯ್ಯ ಬಂದವರಿಗೆಲ್ಲ ತೋರಿಸಿದ. ಸಾಲ್ವದೊರನೂ ಒಂದೆರಡು ಸಲ ತನ್ನ ಕೈಕೆಲಸ ನೋಡಲೆಂದೇ ರಸ್ತೆ ಬದಿಗೆ ಬಂದು ನಿಂತಿದ್ದುಂಟು.

ಮರ ಬಿಸಿಲಿಗೆ ಸೊರಗುತ್ತದೆ ಎಂಬುದು ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅದನ್ನು ಗಾಡಿಯವರಿಗೆ ಯಾರೂ ಹೇಳುವುದಿಲ್ಲ. ಬಿಸಿಲು ಬಲಿತ ಕೂಡಲೇ ಅವರು ತಾವಾಗಿಯೇ ಮರ ಉಬ್ಬಲೆಂದು ಚಕ್ರ ಕಳಚಿ ಕೆರೆಗೆ ಹಾಕುತ್ತಾರೆ, ಬೆಣೆ ತಟ್ಟಿಕೊಳ್ಳುತ್ತಾರೆ. ಅಪ್ಪನಾಗಲಿ ಅವನಾಗಲಿ ಒಬ್ಬ ಗಿರಾಕಿಗೂ ಆ ಮಾತು ಹೇಳಿದವರಲ್ಲ. ಜೀಪಿನ ಧಣಿಗೂ ಹೇಳಲಿಲ್ಲ. ಹೇಳಬೇಕೆಂದು ಹೊಳೆಯಲೇ ಇಲ್ಲ.

ಸುಗ್ಗಿಯ ಬಿಸಿಲಿಗೆ, ಹೊಳೆಗಿಳಿಯುವ ಇಳಿಜಾರಿನಲ್ಲಿ, ಜೀಪು ನಿಲ್ಲದೆ ರಸ್ತೆ ಬದಿಯ ಮುರಕಲ್ಲಿನ ದರೆಗೆ ಹೋಗಿ ಬಡಿಯಿತು. ಅಂಚಿನಲ್ಲಿ ಕೂತಿದ್ದ ಲೋಲಾಕ್ಷಿಯ ಕಾಲು ನಡುವೆ ಸಿಕ್ಕಿ ನುಗ್ಗಾಯಿತು. ಗದ್ದೆಯಲ್ಲಿ ನೇಜಿ ನೆಡುವುದರಲ್ಲಿ ಆ ಊರಿಗೆಲ್ಲ ಮುಂದಿನ ಹೆಣ್ಣು ಅವಳು. ಇನ್ನು ಕೆಸರಿನಲ್ಲಿ ನಿಲ್ಲುವ ಕಾಲಲ್ಲ ಅದು ಎಂದು ಡಾಕ್ಟರು ಹೇಳಿದ್ದರಂತೆ.

"ಈ ಸಲ ಎಂತ ಮಾಡುವ?" ಹೊನ್ನಯ್ಯ ಕೇಳುತ್ತಿದ್ದ. "ಪಟ್ಟಿಯೋ, ಮರವೋ?"

"ಪಟ್ಟಿ," ಎಂದ ಸಾಲ್ವದೊರ್, ಇನ್ನೂ ಜೀಪಿನ ಅಡಿಯಿಂದಲೇ. "ಮರ ತೆಗೆದುಬಿಡುವ."

"ನೀವೇ ಅಲ್ಲವಾ ಮರ ಚೆಂದ ಅಂದದ್ದು?"

ಹೊನ್ನಯ್ಯ ಹೋಗುವವರೆಗೂ ಸಾಲ್ವದೊರ್ ಹೊರಗೆ ಬರಲಿಲ್ಲ.

ಆ ದಿನದಿಂದ ಸಾಲ್ವದೊರ್ ಗಂಜಿಯನ್ನು ಅರ್ಧಕ್ಕೇ ಬಿಟ್ಟು ಏಳತೊಡಗಿದ. ಈಸ್ಟರಿಗೆ ಮುಂಚಿನ ತಪಸ್ಸಿನ ಕಾಲದ ಉಪವಾಸವೆಂದು ಹೆಂಡತಿ ಜೋಸ್ಫಿನ್ ಮೊದಲು ಸುಮ್ಮನಿದ್ದಳು. ಒಂದು ಮಧ್ಯಾಹ್ನ ಮೀನಿನವಳಿಂದ ಸುದ್ದಿ ತಂದಳು. "ಆ ಬಟ್ಯ ಉಂಟಲ್ಲ, ದಿನಾ ಬೆಳಿಗ್ಗೆ ಲೋಲಾಕ್ಷಿಯ ಮನೆಗೆ ಹೋಗಿ ನೀರು ಸೇದಿ ಕೊಡುತ್ತಾನಂತೆ. ಕಟ್ಟಿಗೆ ಒಡೆಯುತ್ತಾನಂತೆ. ಇನ್ನು ಸ್ಟೇರಿಂಗ್ ಮುಟ್ಟುವುದಿಲ್ಲ ಅಂತ ದೈವದ ಎದುರು ಹೇಳಿಬಂದಿದ್ದಾನಂತೆ. ಪಾಪ, ತಪ್ಪು ಮಾಡಿದರೂ ಒಳ್ಳೆಯವ."

"ಅವ ತಪ್ಪು ಮಾಡಲಿಲ್ಲ," ಎಂದ ಸಾಲ್ವದೊರ್.

ಜೋಸ್ಫಿನ್ ಅವನ ಮುಖ ನೋಡಿದಳು. ಮರುದಿನ ಬೆಳಿಗ್ಗೆ ಒಗೆದ ಅಂಗಿಯನ್ನು ಕುರ್ಚಿಯ ಮೇಲೆ ಇಟ್ಟಳು, ಅಷ್ಟೆ.

ಅದನ್ನು ತೊಟ್ಟು ಅವನು ಹೋದಾಗ ಲೋಲಾಕ್ಷಿ ತನ್ನ ಮನೆಯ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಬಾವಿಕಟ್ಟೆ ಅಂಗಳದ ಆಚೆ ಬದಿಗೆ. ಅಲ್ಲಿ ಬಟ್ಯ ಬೆನ್ನು ಹಾಕಿ ಹಗ್ಗ ಎಳೆಯುತ್ತಿದ್ದ. ಬೇಸಗೆಯ ಬಾವಿ, ಎಷ್ಟು ಎಳೆದರೂ ಕೊಡ ಮೇಲೆ ಬರುವುದೇ ನಿಧಾನ. ಸಾಲ್ವದೊರ್ ಜಗಲಿಯ ಕೆಳಗೆ ನಿಂತೇ ಎಲ್ಲವನ್ನೂ ಹೇಳಿದ. ಮರ, ಬೆಣೆ, ಬಿಸಿಲು, ಪೆಡಲು. ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದ ಮಾತುಗಳು ಬಾಯಿಗೆ ಬರುವಾಗ ಹಿಂದು ಮುಂದಾದವು.

"ಅಂದರೆ ಕಳ್ಳಿನಿಂದ ಆದದ್ದಲ್ಲ," ಎಂದಳು ಅವಳು.

"ಅಲ್ಲ. ನನ್ನಿಂದ ಆದದ್ದು."

ಬಯ್ಯಲಿ ಎಂದು ಅವನು ಕಾದ. ಅವಳು ಬಯ್ಯಲಿಲ್ಲ. ಬಾವಿಯ ಕಡೆ ಒಮ್ಮೆ ನೋಡಿ ಸ್ವರ ತಗ್ಗಿಸಿದಳು.

"ಬಟ್ಯಣ್ಣನಿಗೆ ಹೇಳಿದ್ದೀರಾ?"

"ಇನ್ನೂ ಇಲ್ಲ."

"ಹೇಳಬೇಡಿ ಪೊರ್ಬುಗಳೇ. ಮಳೆ ಬರುವವರೆಗಾದರೂ ಬೇಡ. ಮನೆಯವರು ಮಳೆಗಾಲದವರೆಗೆ ಘಟ್ಟದ ಮೇಲೆ ಕಾಫಿ ತೋಟದಲ್ಲಿದ್ದಾರೆ. ಅತ್ತೆಗೆ ಕಣ್ಣು ಕಾಣುವುದಿಲ್ಲ. ತಪ್ಪು ತನ್ನದಲ್ಲ ಅಂತ ಗೊತ್ತಾದರೆ ಅವ ಎಂತಕ್ಕೆ ಬರುತ್ತಾನೆ? ನನಗೆ ನೀರು ಯಾರು ಸೇದುವುದು?"

"ನಾನು ಸೇದ್ತೇನೆ. ದಿನಾ ಬರ್ತೇನೆ."

ಅವಳಿಗೆ ನಗು ಬಂತು. ನೋವಿನ ಮುಖದಲ್ಲಿ ಅದು ನಗುವಿನ ಹಾಗೆ ಕಾಣಲಿಲ್ಲ. "ನೀವು ನಮ್ಮ ಬಾವಿಯ ಹಗ್ಗ ಮುಟ್ಟಿದರೆ ಅತ್ತೆ ಆ ನೀರು ಕುಡಿದಾರಾ? ಬಟ್ಯಣ್ಣ ನಮ್ಮ ಜಾತಿಯವ, ಅವನಿಗೆ ಅಡ್ಡಿಯಿಲ್ಲ. ನೀವು ಬಂದು ಹೇಳಿದಿರಿ, ನಾನು ಕೇಳಿದೆ. ಇನ್ನು ಮನೆಗೆ ಹೋಗಿ."

ಸಾಲ್ವದೊರನಿಗೆ ಒಂದು ಕ್ಷಣ ಮೈಯೆಲ್ಲ ಹಗುರವಾಯಿತು. ಬಾಯಿ ಮುಚ್ಚಿಕೊಂಡಿರಲು ಇದಕ್ಕಿಂತ ಒಳ್ಳೆಯ ಕಾರಣ ಯಾರಿಗೆ ಸಿಕ್ಕೀತು? ಕಾಲು ಮುರಿದುಕೊಂಡವಳೇ ಬೇಡವೆನ್ನುತ್ತಿದ್ದಾಳೆ. ಹಾಗೆ ಹಗುರವಾದದ್ದಕ್ಕೇ ಅವನಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅವನು ಅಂಗಳ ದಾಟಿ ಹೋದ. ಹಿಂದಿನಿಂದ ಲೋಲಾಕ್ಷಿ "ಪೊರ್ಬುಗಳೇ" ಎಂದು ಒಮ್ಮೆ ಕರೆದಳು, ಮತ್ತೆ ಕರೆಯಲಿಲ್ಲ.

ಬಾವಿಕಟ್ಟೆಯಿಂದ ಮಾರು ದೂರದಲ್ಲೇ ಅವನು ನಿಂತುಕೊಂಡ.

"ಬಟ್ಯ."

ಬಟ್ಯ ತಿರುಗಿದ. ಬೆವರಿನ ಮುಖದಲ್ಲಿ ನಾಚಿಕೆ. "ನಿಮ್ಮ ಒಳ್ಳೆಯ ಕೆಲಸ ಹಾಳು ಮಾಡಿಬಿಟ್ಟೆ ಪೊರ್ಬುಗಳೇ," ಎಂದ, ಇವನು ಬಾಯಿ ತೆರೆಯುವ ಮೊದಲೇ.

ಆ ಮಾತು ಕೇಳಿ ಸಾಲ್ವದೊರನಿಗೆ ಅಳು ಬಂದುಬಿಟ್ಟಿತು. ಅಳುತ್ತಲೇ ಹೇಳಿದ. ಮರ ಒಣಗಿ ಬಾಡಿ ಸರಿದದ್ದು, ಪೆಡಲು ಸಿಕ್ಕಿಬಿದ್ದದ್ದು, ತನಗೆ ಅದು ಶೆಡ್ಡಿನಲ್ಲೇ ಗೊತ್ತಾದದ್ದು, ಹೊನ್ನಯ್ಯನ ಎದುರು ಸುಮ್ಮನಿದ್ದದ್ದು.

"ಒದ್ದೆ ನಾನು," ಎಂದ ಬಟ್ಯ ನಿಧಾನಕ್ಕೆ. "ಎಷ್ಟು ಒದ್ದೆ. ಕುಡಿದ ಕಾಲಿಗೆ ಬಲ ಇಲ್ಲ ಅಂದುಕೊಂಡೆ."

"ಬಲ ಇತ್ತು. ಯಾರು ಒದ್ದರೂ ಅದು ಇಳಿಯುತ್ತಿರಲಿಲ್ಲ. ಈಗಲೇ ಹೋಗಿ ಹೊನ್ನಯ್ಯನವರಿಗೂ ಹೇಳ್ತೇನೆ."

ಹಗ್ಗ ಹಿಡಿದ ಬಟ್ಯನ ಕೈ ಹಾಗೆಯೇ ಇತ್ತು. ಜಗಲಿಯ ಮೇಲೆ ಲೋಲಾಕ್ಷಿ ಸೆರಗನ್ನು ಬಾಯಿಗೊತ್ತಿಕೊಂಡು ಇತ್ತಲೇ ನೋಡುತ್ತಿದ್ದಳು. ಬಟ್ಯನೂ ಅವಳನ್ನು ನೋಡಿದ. ತುಂಬ ಹೊತ್ತು ನೋಡಿದ.

ಆಮೇಲೆ ಅವನು ಕೊಡವನ್ನು ಮೇಲಕ್ಕೆಳೆದು, ತುಳುಕದ ಹಾಗೆ ಹೆಗಲಿಗೇರಿಸಿ, ಸಾಲ್ವದೊರನ ಪಕ್ಕದಿಂದಲೇ ಹಾದು ಅಡುಗೆಮನೆಗೆ ಹೋದ. ಒಳಗೆ ಹಂಡೆಗೆ ನೀರು ಬೀಳುವ ಸದ್ದು ಕೇಳಿಸಿತು. ಖಾಲಿ ಕೊಡ ಹಿಡಿದು ತಿರುಗಿ ಬಂದ. ಸಾಲ್ವದೊರನ ಮುಖ ನೋಡಲಿಲ್ಲ. ಕೊಡದ ಕುತ್ತಿಗೆಗೆ ಹಗ್ಗದ ಕುಣಿಕೆ ಹಾಕಿ ಮತ್ತೆ ಬಾವಿಗೆ ಇಳಿಬಿಟ್ಟ.