ಸ್ಟೀರಿಯೊ ಎತ್ತಿದ ಕರೆ

ಕಾರು ಅತ್ತೆಯದು. ಡ್ರೈವಿಂಗ್ ಸ್ಕೂಲು ಮುಚ್ಚುವವರೆಗೂ ಅವರು ಅದರಲ್ಲೇ ಜನರಿಗೆ ಕಾರು ಕಲಿಸಿದ್ದರು. ಪಕ್ಕದ ಸೀಟಿನ ಕಾಲ ಬಳಿ ಅವರಿಗೆಂದೇ ಇನ್ನೊಂದು ಬ್ರೇಕ್ ಇತ್ತು. ಕಲಿಯುವವರು ಒಂಚೂರು ಮೈಮರೆತರೂ ಅವರು "ಬ್ರೇಕ್!" ಎಂದು ಕೂಗುತ್ತಿದ್ದರು, ಕೂಗು ಮುಗಿಯುವ ಮೊದಲೇ ಕಾಲು ಕೆಲಸ ಮುಗಿಸಿರುತ್ತಿತ್ತು. ಅರ್ಧ ಊರಿಗೆ ಅವರು ಬ್ರೇಕಮ್ಮ. ಎದುರಿಗೇ ಹಾಗೆ ಕರೆದರೂ ನಗುತ್ತಿದ್ದರು.

ಸ್ಕೂಲು ಮುಚ್ಚಿದ ಮೇಲೆ ಕಾರಿನ ಕೀಯನ್ನು ಮಗನಿಗೆ ಕೊಡದೆ ಸೊಸೆಯ ಕೈಗೆ ಕೊಟ್ಟರು. "ಅವನಿಗೆ ಕೊಟ್ರೆ ಗೋಡೆ ಹುಡುಕ್ಕೊಂಡು ಹೋಗಿ ಗುದ್ದಿ ಬರ್ತಾನೆ," ಎಂದರು. ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದ ಸೊಸೆಗೆ ಕಾರು ಕಲಿಸಿದವರೂ ಅವರೇ. ವಾರಕ್ಕೊಮ್ಮೆ ಇಬ್ಬರೂ ಸೇರಿ ಮಾರ್ಕೆಟ್ಟಿಗೆ ಹೋಗುತ್ತಿದ್ದರು.

ಹಾಗೆ ಹೋಗಿಬಂದ ಒಂದು ದಿನ, ಸಾಮಾನೆಲ್ಲ ಇಳಿಸಿದ ಮೇಲೆ, ಅತ್ತೆ ಕೂತಿದ್ದ ಸೀಟು ಒದ್ದೆಯಾಗಿರುವುದು ಸೊಸೆಯ ಕಣ್ಣಿಗೆ ಬಿತ್ತು. ಮೊದಲು ನೀರಿನ ಬಾಟಲಿ ಚೆಲ್ಲಿರಬೇಕು ಅಂದುಕೊಂಡಳು. ವಾಸನೆ ಬಂದಾಗ ಗೊತ್ತಾಯಿತು. ಯಾರಿಗೂ ಹೇಳದೆ ಒರೆಸಿದಳು, ಕವರ್ ಬಿಚ್ಚಿ ಒಗೆದಳು, ಒಣಗಿದ ಮೇಲೆ ಅದರಡಿ ಒಂದು ಪ್ಲಾಸ್ಟಿಕ್ ಹಾಳೆ ಹಾಸಿದಳು. ಅಲ್ಲಿಗೆ ಸುಮ್ಮನಿದ್ದಿದ್ದರೆ ಅದು ಒಳ್ಳೆಯ ಕೆಲಸವೇ ಆಗಿರುತ್ತಿತ್ತು. ಆದರೆ ಅವಳಿಗೆ ದಿನವೂ ಫೋನು ಮಾಡುವ ಅಕ್ಕನೊಬ್ಬಳಿದ್ದಳು. ಅಕ್ಕನನ್ನು ನಗಿಸುವುದೆಂದರೆ ಅವಳಿಗೆ ಚಿಕ್ಕಂದಿನಿಂದ ಹುಚ್ಚು.

ಕಾರಿನ ಜೊತೆಗೇ ಬಂದಿದ್ದ ಕಂಪನಿಯ ರೇಡಿಯೊ ಆ ಹೊತ್ತಿಗೆ ಪೂರ್ತಿ ಕೈಕೊಟ್ಟಿತ್ತು. ಕ್ಯಾಸೆಟ್ ತೂರಿಸುವ ಬಾಯಿ ಯಾವತ್ತೋ ಮುಚ್ಚಿಹೋಗಿತ್ತು; ವಾಲ್ಯೂಮಿನ ಗುಂಡಿ ತಿರುಗಿಸಿದರೆ ಬರೀ ಗೊರಗೊರ. ಹೊಸದು ಹಾಕಿಸೋಣವೇ ಎಂದು ಸೊಸೆ ಅಳುಕುತ್ತಲೇ ಕೇಳಿದಳು. ಅತ್ತೆ ಅವಳಿಗಿಂತ ಮೊದಲು ಚಪ್ಪಲಿ ಮೆಟ್ಟಿಕೊಂಡು ನಿಂತರು.

ಸ್ಟೀರಿಯೊ ಅಂಗಡಿಯವನು ಡ್ಯಾಶ್‌ಬೋರ್ಡಿನ ಪಟ್ಟಿ ಬಿಚ್ಚಿ ಹಳೆಯದನ್ನು ಎಳೆದು ತೆಗೆದ. ಹಿಂದೆ ವೈರುಗಳ ಗೊಂಚಲು. ಹೊಸದರ ಪ್ಲಗ್ಗು ಅದಕ್ಕೆ ಕೂರಲಿಲ್ಲವೆಂದು ನಡುವೆ ಒಂದು ಜೋಡಿಸುವ ವೈರು ಹಾಕಿದ, ಸುತ್ತ ಉಳಿದ ಸಂದಿಗೆ ಕಪ್ಪು ಫ್ರೇಮ್ ಒತ್ತಿದ, ಡ್ರೈವರ್ ಸೀಟಿನ ಮೇಲ್ಗಡೆ ಛಾವಣಿಗೆ ಸಣ್ಣದೊಂದು ಮೈಕು ಸಿಕ್ಕಿಸಿದ. ಅತ್ತೆ ಪಕ್ಕದ ಸೀಟಿನಲ್ಲಿ ಕೂತು ಎಲ್ಲ ವಿಚಾರಿಸಿದರು.

"ಫೋನ್ ಬಂದ್ರೆ ಇವಳು ಏನು ಮಾಡ್ಬೇಕು?"

"ಈ ಹಸಿರು ಗುರುತು ಒತ್ತಿದ್ರೆ ಆಯ್ತಮ್ಮಾ."

"ಒತ್ತಕ್ಕೆ ಕೈ ತೆಗೀಬೇಕಲ್ಲ! ಸ್ಟೇರಿಂಗ್ ಬಿಡೋದಾ?"

"ಹಾಗಿದ್ರೆ ತಾನಾಗೇ ಎತ್ತೋ ಹಾಗೆ ಮಾಡ್ಕೊಡ್ತೀನಿ ಬಿಡಿ."

"ಹಾಂ, ಅದು ಸರಿ," ಎಂದರು ಅತ್ತೆ. ಸೊಸೆ ಹೊಸ ಪರದೆಯ ಬಣ್ಣ ನೋಡುವುದರಲ್ಲಿ ಮುಳುಗಿದ್ದಳು. ಮಾತು ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ.

ಮುಂದಿನ ಸಲ ಮಾರ್ಕೆಟ್ಟಿಗೆ ಹೊರಟಾಗ ಸೇತುವೆಯ ಮೇಲೆ ವಾಹನಗಳು ಒಂದಕ್ಕೊಂದು ಅಂಟಿಕೊಂಡಂತೆ ಹೋಗುತ್ತಿದ್ದವು. ಹಾಡು ಬರುತ್ತಿತ್ತು. ಅತ್ತೆ ಬೆರಳಿನಿಂದ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಹಾಡು ನಿಂತಿತು. ಟಿಣ್ ಎಂದಿತು. ಆಮೇಲೆ ಕಾರಿನ ಎಲ್ಲ ಮೂಲೆಗಳಿಂದ ಅಕ್ಕನ ದನಿ.

"ಏನೇ, ಇವತ್ತೂ ಸವಾರಿ ಹೊರಟಿದ್ಯಾ? ಸೀಟಿಗೆ ಪ್ಲಾಸ್ಟಿಕ್ ಹಾಸಿದ್ದೀಯ ತಾನೇ? ಅಯ್ಯೋ, ಮೊನ್ನೆ ನೀನು ಹೇಳಿದ್ದು ನೆನೆಸ್ಕೊಂಡು ನಗು ತಡಿಯಕ್ಕಾಗ್ತಿಲ್ಲ ಕಣೇ. ಬ್ರೇಕಮ್ಮಂಗೇ ಬ್ರೇಕ್ ಹಿಡೀತಿಲ್ಲ ಅಂತ!"

ಅಕ್ಕನ ನಗು ಕಾರಿನ ತುಂಬ ಉರುಳಿತು.

ಸೊಸೆ ಪರದೆಯ ಮೇಲೆ ಬೆರಳು ಬಡಿದಳು. ಕೆಂಪು ಗುರುತು ಎಲ್ಲಿದೆ? ಏನನ್ನು ಒತ್ತಿದಳೋ, ದನಿ ಇನ್ನೂ ಜೋರಾಯಿತು. "ಅಕ್ಕಾ, ಇಡು! ಫೋನ್ ಇಡು!" ಎಂದು ಕಿರುಚಿದಳು. ಅಷ್ಟರಲ್ಲಿ ಕಾರು ಗಕ್ಕನೆ ನಿಂತಿತು. ಮುಂದಿನ ವ್ಯಾನಿನ ಹಿಂಭಾಗ ಗೇಣು ದೂರದಲ್ಲಿತ್ತು. ಅತ್ತೆಯ ಕಾಲು ತಮ್ಮ ಬ್ರೇಕಿನ ಮೇಲಿತ್ತು.

"ಮುಂದೆ ನೋಡು," ಎಂದರು ಅತ್ತೆ. ಕಲಿಯುವವರಿಗೆ ಹೇಳುತ್ತಿದ್ದ ಅದೇ ದನಿ. ಆದರೆ ಅದರಲ್ಲಿ ಜೀವ ಇರಲಿಲ್ಲ.

ಅಕ್ಕ ಅಷ್ಟರಲ್ಲಿ ಫೋನ್ ಇಟ್ಟಿದ್ದಳು. ಮಾರ್ಕೆಟ್ಟಿನಲ್ಲಿ ಕಾರು ನಿಂತ ಮೇಲೆ ಅತ್ತೆ ಇಳಿದರು. ಇಳಿದವರು ಬಾಗಿಲು ಹಾಕದೆ ಬಗ್ಗಿ, ತಾವು ಕೂತಿದ್ದ ಜಾಗದ ಮೇಲೆ ಅಂಗೈ ಆಡಿಸಿ ನೋಡಿದರು. ಒಣಗಿಯೇ ಇತ್ತು. ಕವರಿನಡಿಯಲ್ಲಿ ಪ್ಲಾಸ್ಟಿಕ್ ಸರಸರ ಎಂದಿತು. ಆ ಕ್ಷಣ ಭೂಮಿ ಬಾಯ್ಬಿಟ್ಟಿದ್ದರೆ ಸೊಸೆ ಇಳಿದುಹೋಗುತ್ತಿದ್ದಳು.

"ನೀನು ಸಾಮಾನು ತಗೊಂಡು ಬಾ. ನಾನು ನಡ್ಕೊಂಡು ಹೋಗ್ತೀನಿ," ಎಂದು ಅತ್ತೆ ಹೊರಟುಬಿಟ್ಟರು.

ಅಂದಿನಿಂದ ಅವರು ಸೋಫಾದ ಮೇಲೆ ಕೂರುವುದನ್ನು ಬಿಟ್ಟರು. ಅಡುಗೆಮನೆಯ ಮರದ ಸ್ಟೂಲೇ ಗತಿ. ತಮ್ಮ ಬಟ್ಟೆಯನ್ನು ತಾವೇ ಬೇರೆ ಒಗೆದುಕೊಂಡರು. "ಅಮ್ಮ ಯಾಕೆ ಟಿವಿ ನೋಡಕ್ಕೂ ಬರ್ತಿಲ್ಲ?" ಎಂದು ಗಂಡ ಕೇಳಿದಾಗ ಸೊಸೆ, "ಬೆನ್ನು ನೋವಂತೆ," ಎಂದಳು. ಒಂದು ಸುಳ್ಳು ಸೇರಿಕೊಂಡಿತು, ಅಷ್ಟೇ.

ಅಕ್ಕನ ಮೇಲೆ ರೇಗಿದಳು. ಅಕ್ಕನೂ ಬಿಡಲಿಲ್ಲ. "ಅವರು ಪಕ್ಕದಲ್ಲಿದಾರೆ ಅಂತ ನನಗೇನು ಕನಸು ಬಿದ್ದಿತ್ತಾ? ಅದೂ ಅಲ್ದೆ, ಆ ಮಾತು ಯಾರದ್ದು? ನಂದಾ?"

ಸ್ಟೀರಿಯೊ ಅಂಗಡಿಗೂ ಹೋದಳು. "ಕೇಳದೆ ಕರೆ ಎತ್ತೋ ಹಾಗೆ ಯಾಕ್ರೀ ಮಾಡಿದ್ದು?" ಎಂದು ಎಲ್ಲರೆದುರು ದನಿಯೇರಿಸಿದಳು. ಅವನು ಪೆಚ್ಚಾಗಿ, "ನಿಮ್ಮತ್ತೆಯವರೇ ಹೇಳಿದ್ದಲ್ವಾ ಮೇಡಂ, ನೀವು ಸ್ಟೇರಿಂಗ್ ಬಿಡಬಾರ್ದು ಅಂತ," ಎಂದು ಆ ಸೆಟ್ಟಿಂಗ್ ತೆಗೆದುಕೊಟ್ಟ. ಪಾಪದವನ ಮೇಲೆ ಕೂಗಾಡಿದ್ದಕ್ಕೂ ನಾಚಿಕೆಯಾಯಿತು. ಮನೆಗೆ ವಾಪಸ್ಸು ಬರುವಾಗ ಅವಳಿಗೆ ಬೈಯಲು ಇನ್ಯಾರೂ ಉಳಿದಿರಲಿಲ್ಲ.

ಅತ್ತೆ ಹಿತ್ತಲಲ್ಲಿ ಬಟ್ಟೆ ಹರವುತ್ತಿದ್ದರು. ಸೊಸೆ ಬಕೆಟ್ಟಿನ ಪಕ್ಕ ಹೋಗಿ ನಿಂತಳು.

"ಅತ್ತೆ, ತಪ್ಪಾಯ್ತು."

ಅತ್ತೆ ಒಂದು ಟವೆಲ್ಲು ಕೊಡವಿದರು. "ಯಾವುದು? ಹಾಸಿದ್ದಾ, ಹೇಳಿದ್ದಾ?"

ಸೊಸೆ ಬಕೆಟ್ಟಿನಿಂದ ಒಂದು ಬಟ್ಟೆ ಎತ್ತಿ ಹಿಂಡಿದಳು.

"ಹಾಸಿದ್ದು ನಂಗೆ ಮೊದಲೇ ಗೊತ್ತಾಗಿತ್ತು ಕಣೇ. ಸದ್ದು ಬರುತ್ತಲ್ಲ. ಪಾಪ, ನನ್ನ ಮರ್ಯಾದೆ ಹೋಗಬಾರ್ದು ಅಂತ ಬಾಯಿ ಬಿಡದೆ ಮಾಡಿದಾಳೆ ಅಂದ್ಕೊಂಡೆ. ಒಳಗೊಳಗೇ ಖುಷಿನೂ ಪಟ್ಟೆ." ಟವೆಲ್ಲಿಗೆ ಕ್ಲಿಪ್ಪು ಸಿಕ್ಕಿಸಿದರು. "ನಿಮ್ಮಕ್ಕ ನಗ್ತಿದ್ಲಲ್ಲ. ನೀನೂ ಹಾಗೇ ನಕ್ಕಿರ್ತೀಯ ಅಲ್ವಾ, ಹೇಳುವಾಗ?"

ಇಲ್ಲ ಎನ್ನಬಹುದಿತ್ತು. "ನಕ್ಕೆ," ಎಂದಳು ಸೊಸೆ.

ಅತ್ತೆ ತಲೆಯಾಡಿಸಿದರು. ಉಳಿದ ಬಟ್ಟೆಯನ್ನು ಇಬ್ಬರೂ ಹರವಿದರು. ಬಕೆಟ್ಟು ಖಾಲಿಯಾದ ಮೇಲೆ ಸೊಸೆ, "ಇದಕ್ಕೆ ಔಷಧಿ ಇರುತ್ತೆ ಅತ್ತೆ. ಲೇಡಿ ಡಾಕ್ಟರ್ ಹತ್ರಾನೇ ಹೋಗೋಣ," ಎಂದಳು. ಅತ್ತೆ ಖಾಲಿ ಬಕೆಟ್ಟು ಎತ್ತಿಕೊಂಡು ಒಳಗೆ ಹೋದರು. ಕೆಲವು ದಿನ ಕಳೆದು ಒಂದು ಬೆಳಿಗ್ಗೆ ಕೈಚೀಲ ಹಿಡಿದು ಕಾರಿನ ಬಳಿ ನಿಂತಿದ್ದರು. ಹಿಂದಿನ ಸೀಟಿನ ಮೇಲೆ ತಮ್ಮದೇ ಟವೆಲ್ಲು ಮಡಿಸಿ ಹಾಕಿಕೊಂಡು ಕೂತರು. ಸೊಸೆ ಸ್ಟೀರಿಯೊ ಹಾಕಲಿಲ್ಲ.

ಡಾಕ್ಟರು ಪೆನ್ನು ಕೈಗೆತ್ತಿಕೊಂಡು, "ಹೇಳಿ ಅಮ್ಮಾ, ಏನು ತೊಂದರೆ?" ಎಂದರು.

ಅತ್ತೆ ಕೈಚೀಲದ ಜಿಪ್ಪು ಎಳೆದರು. ಆಮೇಲೆ ಸೊಸೆಯ ಕಡೆ ತಿರುಗಿದರು.

"ನೀನೇ ಹೇಳು. ನಿಂಗೆ ಹೇಳಕ್ಕೆ ಬರುತ್ತಲ್ಲ."

ಸೊಸೆಯ ಕಿವಿ ಬಿಸಿಯಾಯಿತು. ಅಕ್ಕನಿಗೆ ಹೇಳುವಾಗ ಮಾತು ಎಷ್ಟು ಸಲೀಸಾಗಿ ಬಂದಿತ್ತು! ಈಗ ಒಂದೊಂದು ಪದವನ್ನೂ ಕಿತ್ತು ತೆಗೆಯಬೇಕಾಯಿತು. "ಒಂದೊಂದು ಸಲ... ಅವರಿಗೆ ತಡ್ಕೊಳ್ಳಕ್ಕೆ ಆಗಲ್ಲ ಡಾಕ್ಟ್ರೇ. ಉಚ್ಚೆ ಹೋಗ್ಬಿಡುತ್ತೆ." ಹೇಳುವಾಗ ಅವಳು ಡಾಕ್ಟರನ್ನಲ್ಲ, ಅತ್ತೆಯನ್ನು ನೋಡುತ್ತಿದ್ದಳು. ನೋಡದೆ ಹೇಳುವುದು ಸರಿಯಲ್ಲ ಅನಿಸಿತು.

"ಎಷ್ಟು ದಿನದಿಂದ?"

ಅದು ಸೊಸೆಗೆ ಗೊತ್ತಿರಲಿಲ್ಲ. ಕೇಳಬೇಕೆಂದು ಅವಳಿಗೆ ಯಾವತ್ತೂ ತೋಚಿರಲೇ ಇಲ್ಲ.

"ಸ್ಕೂಲ್ ಮುಚ್ಚೋಕೆ ಮುಂಚಿಂದ," ಎಂದರು ಅತ್ತೆ, ಕಿಟಕಿಯ ಕಡೆ ಮುಖ ಮಾಡಿ. "ಅದಕ್ಕೇ ಮುಚ್ಚಿದ್ದು."