ಸೊನ್ನೆ ಎಂದರೆ ಸರಿ

ನಮ್ಮ ಕೆಲಸದಲ್ಲಿ ಸೊನ್ನೆ ಎಂದರೆ ಏನೂ ಇಲ್ಲ ಎಂದಲ್ಲ, ಎಲ್ಲ ಸರಿಯಿದೆ ಎಂದರ್ಥ. ಕಂಪ್ಯೂಟರಿನ ಒಡಲೊಳಗೆ ಕೂತು ಎಲ್ಲವನ್ನೂ ನಡೆಸುವ ಯಜಮಾನ ಕರ್ನಲ್. ಅದಕ್ಕೂ ಬಿಡಿಭಾಗಗಳಿಗೂ ನಡುವೆ ಮಾತು ಸಾಗಿಸುವ ದಲ್ಲಾಳಿ ಡ್ರೈವರ್. ಯಾವುದೋ ಭಾಗ ಉತ್ತರ ಕೊಡದಿದ್ದರೆ ದಲ್ಲಾಳಿ ಯಜಮಾನನಿಗೆ ದೋಷದ ಸಂಖ್ಯೆ ಮುಟ್ಟಿಸಬೇಕು. ನಾನು ಬರೆದ ಡ್ರೈವರ್ ಸೊನ್ನೆ ಮುಟ್ಟಿಸುತ್ತದೆ.

ಬೇಕೆಂದೇ ಹಾಗೆ ಬರೆದೆ. ಆಸ್ಪತ್ರೆಯ ಮಾನಿಟರಿಗೆ ಆಮ್ಲಜನಕದ ಅಂಕಿ ಕಳಿಸಲು ರೋಗಿಯ ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು ಒಂದು ಕ್ಷಣ ತಡವರಿಸಿದರೂ ಅಲಾರಾಂ ಬಡಿದುಕೊಳ್ಳುತ್ತಿತ್ತು. ನರ್ಸುಗಳಿಗೆ ತಲೆ ಚಿಟ್ಟು ಹಿಡಿದಿತ್ತು, ನಮ್ಮ ಮ್ಯಾನೇಜರು ದಿನಾ ನನ್ನ ಪ್ರಾಣ ತಿನ್ನುತ್ತಿದ್ದರು. ಕೊನೆಗೆ ರೇಗಿಹೋಗಿ, ಉತ್ತರ ಬರದಿದ್ದರೆ ಹಿಂದಿನ ಅಂಕಿಯನ್ನೇ ಕೊಟ್ಟು ಸೊನ್ನೆ ಹೇಳು ಎಂದು ನಾಲ್ಕು ಸಾಲು ಗೀಚಿ ಬಿಸಾಕಿದೆ. ಅಲಾರಾಂ ಬಾಯಿ ಮುಚ್ಚಿತು. ಆಮೇಲೆ ಸರಿಮಾಡಿದರಾಯಿತು ಎಂದುಕೊಂಡಿದ್ದೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ.

ಇವತ್ತು ಮಧ್ಯಾಹ್ನ ಅದೇ ಮಾನಿಟರಿನ ಕೆಳಗೆ ನನ್ನ ಅಕ್ಕ ನ್ಯುಮೋನಿಯಾದಿಂದ ಮಲಗಿದ್ದಳು. ರಕ್ತದಲ್ಲಿ ಆಮ್ಲಜನಕ ತೊಂಬತ್ತಾರು. ಐದು ನಿಮಿಷ ಬಿಟ್ಟು ನೋಡಿದರೂ ತೊಂಬತ್ತಾರು. ಮನುಷ್ಯರ ಮೈ ಅಷ್ಟು ಹಠಮಾರಿಯಲ್ಲ, ಒಂದೆರಡು ಅಂಕಿ ಅತ್ತಿತ್ತ ಆಡುತ್ತಲೇ ಇರುತ್ತದೆ. ಬಗ್ಗಿ ಅವಳ ಮುಖ ನೋಡಿದೆ. ಅವಳ ತುಟಿ ನೀಲಿಗಟ್ಟುತ್ತಿತ್ತು.

ನರ್ಸಮ್ಮನ ಬಳಿ ಓಡಿದೆ. ಪಾಪ, ಆಕೆ ಇನ್ನೊಂದು ಹಾಸಿಗೆಯ ಪಕ್ಕ ವಾಂತಿ ಒರೆಸುತ್ತಿದ್ದಳು. ಅಲ್ಲಿಂದಲೇ ಮಾನಿಟರ್ ನೋಡಿ, ಚೆನ್ನಾಗೇ ಇದ್ದಾರಲ್ಲ, ಸುಮ್ಮನೆ ಕೂತ್ಕೊಳ್ಳಿ ಎಂದಳು. ಅದು ಹಳೆಯ ಅಂಕಿ ಎಂದೆ. ನಿಮಗೆ ಹೇಗೆ ಗೊತ್ತು ಎಂದು ಕೇಳಿದಳು.

“ಅದನ್ನ ಬರೆದವಳೇ ನಾನು. ಉತ್ತರ ಬರದೇ ಇದ್ರೂ ಎಲ್ಲ ಸರಿಯಿದೆ ಅನ್ನುತ್ತೆ ಅದು.”

ಗಾಬರಿಯಲ್ಲಿ ಏನೇನೋ ಬಡಬಡಿಸುತ್ತಿದ್ದೇನೆ ಎಂದುಕೊಂಡು ಆಕೆ ನನ್ನ ಭುಜ ತಟ್ಟಿದಳು. ಕೈ ಹಿಡಿದು ಎಳೆದುಕೊಂಡೇ ಬಂದೆ. ಬೇರೊಂದು ಪುಟ್ಟ ಮೀಟರನ್ನು ಅಕ್ಕನ ಬೆರಳಿಗೆ ಹಾಕಿದಳು. ಅರವತ್ತೆಂಟು. ಆಕೆ ಡಾಕ್ಟರನ್ನು ಕೂಗಿದಳು. ಡಾಕ್ಟರುಗಳು ಓಡಿ ಬಂದರು, ನನ್ನನ್ನು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡರು.

ಯಾರನ್ನು ಬೈಯಲಿ? ಬಾಗಿಲಿನ ಗಾಜಿನಲ್ಲಿ ಅಕ್ಕ ಕಾಣುತ್ತಿರಲಿಲ್ಲ. ಡಾಕ್ಟರುಗಳ ಬೆನ್ನು, ಅದರ ಮೇಲೆ ಆ ಮಾನಿಟರ್, ಅಷ್ಟೇ.

ಔಷಧಿ ತರಲು ಹೋಗಿದ್ದ ಭಾವ ಏದುಸಿರು ಬಿಡುತ್ತ ಬಂದು ಗಾಜಿಗೆ ಹಣೆ ಒತ್ತಿ ನಿಂತರು. ಸ್ವಲ್ಪ ಹೊತ್ತಿಗೆ ಅವರ ಉಸಿರು ಹತೋಟಿಗೆ ಬಂತು. ನನ್ನ ತಲೆ ಸವರಿದರು.

“ಅಳಬೇಡಮ್ಮ. ಅಲ್ನೋಡು, ತೊಂಬತ್ತಾರಿದೆ. ನಿಮ್ಮಕ್ಕನಿಗೆ ಏನೂ ಆಗಲ್ಲ.”

ಹೂಂ ಭಾವ, ಎಂದೆ.